ದರ್ಜಿ ಅಳೆದ ಗಾಡಿ

"ಗಾಡಿ ಅಂದರೇನು? ನಾಲ್ಕು ಚಕ್ರದ ಮೇಲೆ ನಿಲ್ಲಿಸಿದ ಕೋಟು! ಮೂವತ್ತು ವರ್ಷದಿಂದ ಊರಿಗೆಲ್ಲ ಕೋಟು ಕೂರಿಸಿದವನಿಗೆ, ಒಂದು ಕೋಟಿನೊಳಗೆ ಮನೆಮಂದಿಯನ್ನು ಕೂರಿಸುವುದು ಯಾವ ಮಹಾ!" ಎಂದು ದರ್ಜಿ ಘೋಷಿಸಿದ.

"ರೀ, ಅದು ಓಡಲೂ ಬೇಕಲ್ಲ?" ಎಂದಳು ಹೆಂಡತಿ.

"ಓಡೋದು ಅದರ ಕೆಲಸ. ಅಳತೆ ನನ್ನ ಕೆಲಸ!"

ಹಿಂದೆಲ್ಲ ಹೀಗಿರಲಿಲ್ಲ. ಗಾಡಿ ನೋಡಲು ಮೆಕ್ಯಾನಿಕ್ ಗೆಳೆಯನಿದ್ದ. ಎಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳಿಬಿಡುತ್ತಿದ್ದ. ಅವನು ತೀರಿಕೊಂಡು ಎಂಟು ತಿಂಗಳು. ದರ್ಜಿಗೆ ಉಳಿದದ್ದು ಟೇಪೊಂದೇ.

ಗಾಡಿ ಬೇಕಿದ್ದುದು ಅಮ್ಮನಿಗೆ. ಮಂಡಿ ಆಪರೇಷನ್ ಆದಮೇಲೆ ಆಕೆ ಹೊಸಿಲು ದಾಟಿರಲಿಲ್ಲ. "ನಿನ್ನ ಹಳೇ ಕಾರಲ್ಲಿ ಕೂತರೆ ಬಾವಿಗೆ ಇಳಿದ ಹಾಗೆ. ಮೇಲೆತ್ತಲು ಹಗ್ಗ ಬೇಕು!" ಎನ್ನುತ್ತಿದ್ದಳು. ಎತ್ತರದ ಎಸ್‌ಯುವಿಗೆ ಹತ್ತಲಾದರೆ ಆಕೆ ತನ್ನ ತಂಗಿಯ ಮನೆಗೆ ಹೋಗಿ ಬರಬಹುದು. ಹತ್ತಲಾಗದಿದ್ದರೆ ಕಿಟಕಿಯೇ ಗತಿ.

ದರ್ಜಿ ಅಮ್ಮನನ್ನು ಗೋಡೆಗೆ ಒರಗಿಸಿ "ಕಾಲೆತ್ತಮ್ಮ" ಎಂದ. ಪಾದ ಏರಿದಲ್ಲಿ ಸೀಮೆಸುಣ್ಣದ ಗೀಟು ಎಳೆದ. ಹದಿಮೂರು ಇಂಚು!

ಭಾನುವಾರ ಬೆಳಿಗ್ಗೆ ಶೋರೂಮಿನವನು ಗಾಡಿಯನ್ನು ಓಡಿಸಿ ನೋಡಲೆಂದು ಮನೆ ಬಾಗಿಲಿಗೇ ತಂದ. "ಸರ್, ಮೈಲೇಜು..." ಎನ್ನುವಷ್ಟರಲ್ಲಿ ದರ್ಜಿ ಮೊಣಕಾಲೂರಿ, ನೆಲದಿಂದ ಗಾಡಿಯ ಬಾಗಿಲ ತಳದವರೆಗೆ ಟೇಪು ಹಿಡಿದಿದ್ದ.

"ಹತ್ತೊಂಬತ್ತು ಇಂಚು! ಆರಿಂಚು ಜಾಸ್ತಿ. ಕೆಳಗೆ ಸ್ವಲ್ಪ ಮಡಚಿ ಹೊಲಿದುಕೊಡಿ!"

"ಸರ್, ಇದು ಪ್ಯಾಂಟಲ್ಲ."

ಸೋಲೊಪ್ಪುವ ಜಾತಿಯೇ ಅಲ್ಲ ದರ್ಜಿ. ಹಿಂದಿನ ಸೀಟಿನ ಅಗಲ ಬರೆದುಕೊಂಡು, ಅದರಲ್ಲಿ ಹೆಂಡತಿಯ ಪಾಲೆಷ್ಟೆಂದು ಲೆಕ್ಕ ಹಾಕುತ್ತಾ, ಆಕೆಯ ಸೊಂಟದಳತೆಯನ್ನು ಇಡೀ ಬೀದಿಗೆ ಕೇಳುವಂತೆ ಕೂಗಿದ. ಎದುರುಮನೆಯ ಕಿಟಕಿ ತೆರೆಯಿತು.

"ಆಮೇಲೆ ಒಳಗೆ ಬನ್ನಿ," ಎಂದಳು ಹೆಂಡತಿ, ತೀರಾ ಮೆಲ್ಲಗೆ. ಆ ಮೆಲುದನಿಗೆ ದರ್ಜಿಯ ಕೈಯಿಂದ ಟೇಪು ಜಾರಿತು!

ಶೋರೂಮಿನವನು ಮಾತು ಬದಲಿಸಲು ಬಾನೆಟ್ ಎತ್ತಿದ. ದರ್ಜಿ ಅಭ್ಯಾಸಬಲದಿಂದ ಒಂದು ಹೆಜ್ಜೆ ಸರಿದು ಪಕ್ಕದಲ್ಲಿ ಗೆಳೆಯನಿಗೆ ಜಾಗ ಬಿಟ್ಟ. ಆ ಜಾಗಕ್ಕೆ ಯಾರೂ ಬರಲಿಲ್ಲ.

"ಮುಚ್ಚಿಬಿಡಿ," ಎಂದ.

ಆಮೇಲೆ, ಕೋಲೂರಿ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿದ. "ನೋಡಮ್ಮ, ಮನಸ್ಸು ಮಾಡಿದರೆ ಹತ್ತೊಂಬತ್ತು ಇಂಚೂ ಒಂದು ಲೆಕ್ಕವೇ? ಎದೆ ಮುಂದೆ, ಕಾಲು ಮೇಲೆ, ಹೀಗೆ...!"

ಚರ್ರ್!

ಸ್ವತಃ ಅಳೆದು, ಸ್ವತಃ ಕತ್ತರಿಸಿ, ಸ್ವತಃ ಹೊಲಿದ ಪ್ಯಾಂಟು ಹಿಂಭಾಗದಲ್ಲಿ ಇಬ್ಭಾಗವಾಯಿತು! ದರ್ಜಿ ಬಿಲ ಹೊಕ್ಕ ಇಲಿಯಂತೆ ಹಿಂದಿನ ಸೀಟಿಗೆ ನುಗ್ಗಿ ಬಾಗಿಲೆಳೆದುಕೊಂಡ. ಹೆಂಡತಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಶೋರೂಮಿನವನು ನಗು ತಡೆಯಲು ಚಕ್ರಗಳನ್ನು ಎಣಿಸತೊಡಗಿದ.

"ಬೆಲ್ಟು ಎಲ್ಲಿ ಸಿಗಿಸೋದಪ್ಪ?" ಎಂದು ಯಾರೋ ಕೇಳಿದರು.

ಎಲ್ಲರೂ ತಿರುಗಿದರು. ಮುಂದಿನ ಸೀಟಿನಲ್ಲಿ ಅಮ್ಮ!

"ಅಮ್ಮಾ! ಹೇಗೆ ಹತ್ತಿದೆ?"

"ಹತ್ತಿದ್ದೆಲ್ಲಿ ಬಂತು? ಬೆನ್ನು ತಿರುಗಿಸಿ ಕೂತೆ, ಕಾಲು ಒಳಗೆಳಕೊಂಡೆ. ನೀನು ಅಳೆದದ್ದು ಕಾಲು. ಕೂರೋದು ಕಾಲ ಮೇಲಲ್ಲ ಕಣೋ!"

"ಇಳಿಯಮ್ಮ, ಪರೀಕ್ಷೆ ಇನ್ನೂ ಮುಗಿದಿಲ್ಲ."

"ಮೊದಲು ನೀನು ಇಳಿ, ನೋಡೋಣ!"

ದರ್ಜಿ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಸ್ಟಿಯರಿಂಗ್ ಹಿಡಿದಳು. ಗಾಡಿ ಬಡಾವಣೆ ದಾಟಿತು, ಸೇತುವೆ ದಾಟಿತು. ಅಮ್ಮ ತಂಗಿಯ ಮನೆ ಮುಂದೆ ಹಾರ್ನ್ ಹೊಡೆಸಿ, ಗಾಜಿಳಿಸಿ ಅರ್ಧ ಗಂಟೆ ಹರಟಿದಳು. ದರ್ಜಿ ಅಷ್ಟು ಹೊತ್ತೂ ಹಿಂದಿನ ಸೀಟಿನಲ್ಲಿ ಮಹಾರಾಜನಂತೆ ಅಲುಗಾಡದೆ ಕೂತಿದ್ದ!

ಮನೆಗೆ ಮರಳಿದಾಗ ಶೋರೂಮಿನವನು ಓಡಿ ಬಂದ. "ಸರ್, ಗಾಡಿ ಹೇಗಿದೆ?"

ದರ್ಜಿ ಬಾಯಿ ತೆರೆಯುವ ಮೊದಲೇ, ಅಮ್ಮ ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿ ತೀರ್ಪು ಕೊಟ್ಟಳು:

"ಇದೇ ಇರಲಿ ಕಣಪ್ಪ. ಹೊಲಿಗೆ ನನ್ನ ಮಗನದಕ್ಕಿಂತ ಗಟ್ಟಿಯಾಗಿದೆ!"