ಕ್ಯಾಪ್ಟನ್ ಬೊರಾಲ್ ಅವರ ಮರಣದ ಕಡತ

ಅಂತರಿಕ್ಷ ನೌಕೆಯ ಕ್ಯಾಪ್ಟನ್ ಬೊರಾಲ್ ಅವರು ಜುಲೈ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಮೈಸೂರಿನ ಚಿತ್ರಮಂದಿರವೊಂದರಲ್ಲಿ ನಿಧನರಾದರು. ಆ ವೇಳೆಯಲ್ಲಿ ಸ್ಥಳದಲ್ಲಿ ಹಾಜರಿದ್ದವರಲ್ಲಿ ಮಡಿಕೇರಿಯ ಜಿಲ್ಲಾ ಮೈಲುಗಲ್ಲು ನಿರ್ವಹಣಾ ಕಚೇರಿಯ ಪ್ರಥಮ ದರ್ಜೆ ಸಹಾಯಕರಾದ ತಿರುಮಲೇಶ್ವರ ಅವರೂ ಒಬ್ಬರು.

ಬೊರಾಲ್ ನಾಯಕರಾಗಿದ್ದ ‘ಸಪ್ತಗೋಳ’ ಎಂಬ ಚಿತ್ರಮಾಲಿಕೆಯ ಹನ್ನೆರಡು ಭಾಗಗಳು ಮೂವತ್ತೊಂದು ವರ್ಷಗಳ ಅವಧಿಯಲ್ಲಿ ಬಿಡುಗಡೆಯಾಗಿದ್ದವು. ಮೊದಲ ಭಾಗವನ್ನು ತಿರುಮಲೇಶ್ವರರು ನೌಕರಿಗೆ ಸೇರಿದ ಮೂರನೇ ತಿಂಗಳಲ್ಲಿ ನೋಡಿದರು. ಕೊನೆಯ ಭಾಗವನ್ನು ನೋಡುವಾಗ ನಿವೃತ್ತಿಗೆ ನಾಲ್ಕು ತಿಂಗಳು ಬಾಕಿಯಿತ್ತು. ಕೊನೆಯ ಭಾಗದಲ್ಲಿ ಕ್ಯಾಪ್ಟನ್ ಬೊರಾಲ್ ತಮ್ಮ ಮುನ್ನೂರು ಜನ ಸಿಬ್ಬಂದಿಯನ್ನು ಊರಿಗೆ ಕಳಿಸುವ ಸಲುವಾಗಿ ಗಾಳಿಯಿಲ್ಲದ ಏಳನೇ ಗೋಳದಲ್ಲಿ ಒಬ್ಬರೇ ಉಳಿಯುತ್ತಾರೆ. ಉಳಿಯುವ ಮುಂಚೆ ನೌಕೆಯ ಕೀಲಿಗಳನ್ನು ಕಿರಿಯ ಅಧಿಕಾರಿಗೆ ಎಣಿಸಿ ಕೊಟ್ಟು, ಯಾವ ಬಾಗಿಲು ಸ್ವಲ್ಪ ಬಿಗಿಯಾಗಿದೆ, ಯಾವ ದೀಪ ತಟ್ಟಿದರೆ ಮಾತ್ರ ಉರಿಯುತ್ತದೆ ಎಂದೆಲ್ಲ ವಿವರಿಸುತ್ತಾರೆ.

ಇತರ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ತಿರುಮಲೇಶ್ವರರು ಎದ್ದು ನಿಂತರು. ಹಿಂದಿನ ಸಾಲಿನವರು ಕೂರಲು ಹೇಳಿದ್ದರಿಂದ ಕೂತರು. ಕೂತ ಮೇಲೆ ಅಳಲು ಶುರು ಮಾಡಿದವರು ಬಸ್ಸು ಕುಶಾಲನಗರ ದಾಟುವ ತನಕ ನಿಲ್ಲಿಸಲಿಲ್ಲ. ಮೂವತ್ತನಾಲ್ಕು ಚದರಡಿಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಮೈಲುಗಲ್ಲುಗಳ ವಹಿ ಬರೆದ ಅವರಿಗೆ, ಹೋಗುವಾಗ ಯಾರಿಗಾದರೂ ಹೀಗೆ ಎಲ್ಲವನ್ನೂ ಹೇಳಿ ಒಪ್ಪಿಸಬೇಕೆಂಬ ಆಸೆಯಿತ್ತು. ಒಪ್ಪಿಸಿಕೊಳ್ಳಬೇಕಾದ ಹುದ್ದೆ ಒಂಬತ್ತು ವರ್ಷದಿಂದ ಖಾಲಿಯಿತ್ತು.

ಮನೆಯಲ್ಲಿ ಹೆಂಡತಿ ಗೋಮತಿ ಮುಖ ನೋಡಿದ ಕೂಡಲೇ ಕೇಳಿದರು: “ಯಾರು ಹೋದ್ರು?”

“ಬೊರಾಲ್.”

ಈ ಹೆಸರನ್ನು ಮದುವೆಯಾದಂದಿನಿಂದ ಕೇಳುತ್ತಿದ್ದ ಗೋಮತಿ, ಅವರು ಯಾರೆಂದು ವಿಚಾರಿಸಲಿಲ್ಲ. ಪೂಜಾರಿಕೆಯ ಮನೆತನದಲ್ಲಿ ಮುಖ್ಯವಾದದ್ದನ್ನು ಮಾತ್ರ ವಿಚಾರಿಸಿದರು. “ನಮಗೆ ಸೂತಕ ಬರತ್ತಾ?”

“ಅವರ ಗೋತ್ರ ಗೊತ್ತಿಲ್ಲ.”

“ಹಾಗಾದ್ರೆ ಸ್ನಾನ ಮಾಡಿ ಬನ್ನಿ, ಅಷ್ಟು ಸಾಕು.”

ಸೋಮವಾರ ಬೆಳಿಗ್ಗೆ ತಿರುಮಲೇಶ್ವರರು ಮೂರು ದಿನದ ರಜೆಗೆ ಅರ್ಜಿ ಬರೆದು, ‘ಕಾರಣ’ ಎಂಬಲ್ಲಿ ‘ಕ್ಯಾಪ್ಟನ್ ಬೊರಾಲ್ ಅವರ ನಿಧನ’ ಎಂದು ನಮೂದಿಸಿ, ಅಧೀಕ್ಷಕರಾದ ಧರ್ಮೇಂದ್ರ ಅವರ ಮೇಜಿನ ಮೇಲಿಟ್ಟರು. ಧರ್ಮೇಂದ್ರ ಅದನ್ನು ಎರಡು ಸಲ ಓದಿದರು.

“ತಿರುಮಲೇಶ್ವರ್, ಜ್ವರ ಅಂತ ಬರೀರಿ.”

“ಜ್ವರ ಇಲ್ಲ ಸಾರ್.”

“ನನಗೂ ಯಾವತ್ತೂ ಇರ್ಲಿಲ್ಲ. ಬರೀರಿ.”

“ಇಲ್ಲದ್ದನ್ನ ಹೇಗೆ ಬರೀಲಿ ಸಾರ್? ತೀರಿಕೊಂಡದ್ದು ನಿಜ. ನಾನೇ ನೋಡಿದ್ದೇನೆ.”

ಧರ್ಮೇಂದ್ರ ಕಠಿಣ ಮನುಷ್ಯರಲ್ಲ. ಅವರ ಸ್ವಂತ ಅಜ್ಜಿ ಇದೇ ಕಚೇರಿಯ ದಾಖಲೆಗಳ ಪ್ರಕಾರ ಐದು ಬಾರಿ ತೀರಿಕೊಂಡಿದ್ದು, ಐದೂ ಬಾರಿ ರಜೆ ಮಂಜೂರಾಗಿತ್ತು. ಆದರೆ ನಿಜವಾದ ಕಾರಣ ಬರೆದ ಅರ್ಜಿಯನ್ನು ಏನು ಮಾಡಬೇಕೆಂಬ ಬಗ್ಗೆ ಕಚೇರಿಯಲ್ಲಿ ಪೂರ್ವನಿದರ್ಶನ ಇರಲಿಲ್ಲ. ಆದ್ದರಿಂದ ಅವರು ಅದಕ್ಕೆ ಒಂದು ಕಡತ ತೆರೆದು, ಸಂಖ್ಯೆ ಹಾಕಿ, ಸಹಾಯಕ ನಿರ್ದೇಶಕಿ ಆಶಾರಾಣಿ ಅವರಿಗೆ ಮಂಡಿಸಿದರು.

ಆಶಾರಾಣಿಯವರು ನಿಯಮ ಬಲ್ಲವರು. ಮರಣದ ಕಾರಣಕ್ಕೆ ರಜೆ ಕೋರಿದವರು ಮರಣ ಪ್ರಮಾಣಪತ್ರವನ್ನೂ, ಮೃತರೊಡನೆ ತಮಗಿರುವ ಸಂಬಂಧದ ದಾಖಲೆಯನ್ನೂ ಹಾಜರುಪಡಿಸತಕ್ಕದ್ದು; ತಪ್ಪಿದಲ್ಲಿ ಸುಳ್ಳು ಹೇಳಿಕೆ ನೀಡಿದ್ದಾರೆಂದು ಭಾವಿಸಿ ವಿಚಾರಣೆ ನಡೆಸತಕ್ಕದ್ದು; ವಿಚಾರಣೆ ಮುಗಿಯುವವರೆಗೆ ನಿವೃತ್ತಿ ಕಾಗದಪತ್ರಗಳಿಗೆ ಸಹಿ ಹಾಕತಕ್ಕದ್ದಲ್ಲ. ಈ ಟಿಪ್ಪಣಿ ಮೂರು ಗಂಟೆಗೆ ತಿರುಮಲೇಶ್ವರರ ಕೈ ಸೇರಿತು.

ವಿಷಯ ತಿಳಿದ ಗೋಮತಿ ಸಾರಿನ ಸೌಟು ಹಿಡಿದುಕೊಂಡೇ ನಿಂತರು. “ಇಷ್ಟು ವರ್ಷ ದುಡಿದು ಕೊನೆಗೆ ಸುಳ್ಳುಗಾರ ಅನ್ನಿಸಿಕೊಂಡು ಮನೆಗೆ ಬರ್ತೀರಾ? ಒಂದು ಜ್ವರ ಬರೆದ್ರೆ ನಿಮ್ಮದೇನು ಹೋಗತ್ತೆ?”

“ಗೋಮತಿ, ಆ ಮನುಷ್ಯ ಕೊನೇ ಗಳಿಗೆಯಲ್ಲೂ ಬಾಗಿಲು ಬಿಗಿ ಇದೆ ಅಂತ ಹೇಳಿಯೇ ಹೋದ. ನಾನು ಅವನ ಹೆಸರಿನ ಜಾಗದಲ್ಲಿ ಜ್ವರ ಅಂತ ಬರೀಲಾ?”

ಗೋಮತಿ ಸೌಟು ಕೆಳಗಿಟ್ಟರು. ಅನ್ನ ಬಡಿಸಿದರು.

ರಜೆ ಮಂಜೂರಾಗದ ಕಾರಣ ತಿರುಮಲೇಶ್ವರರು ದಿನವೂ ಕಚೇರಿಗೆ ಬಂದು, ಮಡಿಕೇರಿಯಿಂದ ಸಂಪಾಜೆಯವರೆಗೆ ಈ ಮಳೆಯಲ್ಲಿ ಯಾವ ಮೈಲುಗಲ್ಲು ನಿಂತಿದೆ, ಯಾವುದು ಗುಡ್ಡದ ಮಣ್ಣಿನೊಂದಿಗೆ ಕೆಳಗಿಳಿದಿದೆ ಎಂಬ ಪಟ್ಟಿಯನ್ನು ತಯಾರಿಸುತ್ತ ದುಃಖ ಪಟ್ಟರು.

ಅತ್ತ, ಪ್ರಮಾಣಪತ್ರ ಕೋರಿ ಅವರು ಬರೆದಿದ್ದ ಅರ್ಜಿಗೆ ಮರಣ ನೋಂದಣಿಯ ಅಧಿಕಾರಿಗಳಿಂದ ಉತ್ತರ ಬಂತು. ಏಳನೇ ಗೋಳವು ತಮ್ಮ ವ್ಯಾಪ್ತಿಗೆ ಬರುವುದಿಲ್ಲ; ಆದರೆ ಮೃತರು ಅನೇಕ ಊರುಗಳಲ್ಲಿ ಏಕಕಾಲಕ್ಕೆ ಸತ್ತಿರುವುದರಿಂದ, ಅರ್ಜಿದಾರರ ಕಚೇರಿಗೆ ಅತಿ ಸಮೀಪದ ಪರದೆಯ ಮೇಲೆ ಮರಣವನ್ನು ಐವರು ಪಂಚರ ಸಮಕ್ಷಮ ಖಾತ್ರಿಪಡಿಸಿ ಮಹಜರು ಕಳಿಸಿದರೆ ಪರಿಶೀಲಿಸಲಾಗುವುದು.

ಅತಿ ಸಮೀಪದ ಪರದೆ ಜೀಪಿನ ಚಾಲಕ ನಿಂಗನ ಮೊಬೈಲಾಗಿತ್ತು. ಚಿತ್ರ ಮೊಬೈಲಿಗೆ ಬರಲು ಒಂದು ತಿಂಗಳು ಹಿಡಿಯಿತು. ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಶಾರಾಣಿಯವರ ಕೊಠಡಿಯಲ್ಲಿ ನೀರಿನ ಜಗ್ಗಿಗೆ ಮೊಬೈಲನ್ನು ಒರಗಿಸಿ, ಐವರು ಪಂಚರು ಸುತ್ತ ಕೂತರು. ಹೊರಗೆ ಮಳೆ ಜೋರಾಗಿತ್ತು. ಕ್ಯಾಪ್ಟನ್ ಬೊರಾಲ್ ಕೊನೆಯ ಕೀಲಿ ಕೊಟ್ಟು ಮುಖ ಎತ್ತಿದರು. ಅಷ್ಟರಲ್ಲಿ ನೆಟ್ ಹೋಯಿತು.

“ಸತ್ರಾ?” ಎಂದರು ಆಶಾರಾಣಿ.

“ಇನ್ನೂ ಇಲ್ಲ ಮೇಡಂ, ಚಕ್ರ ಸುತ್ತುತ್ತಾ ಐತೆ,” ಎಂದ ನಿಂಗ.

“ಸುತ್ತುವಾಗ ಮನುಷ್ಯ ಜೀವಂತ ಅಂತ ಬರೆಯೋದಾ, ಮೃತ ಅಂತ ಬರೆಯೋದಾ?”

“ಚಿಂತಾಜನಕ ಅಂತ ಬರೀಬಹುದು,” ಎಂದರು ಧರ್ಮೇಂದ್ರ. ಹಾಗೆಯೇ ಬರೆಯಲಾಯಿತು.

ಕ್ಯಾಪ್ಟನ್ ಬೊರಾಲ್ ಹನ್ನೊಂದು ನಿಮಿಷ ಚಿಂತಾಜನಕ ಸ್ಥಿತಿಯಲ್ಲಿದ್ದರು. ಈ ನಡುವೆ ಚಹಾ ಬಂತು. ನಿಂಗ ಮೊಬೈಲನ್ನು ಕಿಟಕಿಯಾಚೆ ಹಿಡಿದು ಕೊಡೆ ಬಿಚ್ಚಿದ ಮೇಲೆ ನೆಟ್ ಬಂದು, ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ ಕ್ಯಾಪ್ಟನ್ ತೀರಿಕೊಂಡರು. ಪಂಚರು ಸಹಿ ಹಾಕಿದರು. ತಿರುಮಲೇಶ್ವರರು ಮತ್ತೆ ಎದ್ದು ನಿಂತರು. ಈ ಸಲ ಯಾರೂ ಕೂರಲು ಹೇಳಲಿಲ್ಲ. ಎಲ್ಲರೂ ಊಟಕ್ಕೆ ಹೊರಟಿದ್ದರು.

ವಾರದೊಳಗೆ ಸೀಲು ಬಿದ್ದ ಮರಣ ಪ್ರಮಾಣಪತ್ರ ಬಂತು. ತಿರುಮಲೇಶ್ವರರು ಸುಳ್ಳು ಹೇಳಿಲ್ಲವೆಂಬುದು ಸಾಬೀತಾಗಿ ನಿವೃತ್ತಿ ಕಾಗದಗಳು ಬಿಡುಗಡೆಯಾದವು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರಮಾಣಪತ್ರದಲ್ಲಿ ‘ಕರ್ತವ್ಯದಲ್ಲಿದ್ದಾಗ ಮರಣ’ ಎಂದಿತ್ತು. ಧರ್ಮೇಂದ್ರ ಆ ಎರಡು ಪದಗಳ ಕೆಳಗೆ ಗೆರೆ ಎಳೆದರು. ಕರ್ತವ್ಯದಲ್ಲಿದ್ದಾಗ ಮೃತರಾದ ನೌಕರನ ಅವಲಂಬಿತರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡಬೇಕೆಂಬುದು ಅವರಿಗೆ ತಿಳಿದಿತ್ತು. ಅವರಿಗೊಬ್ಬ ಬಾಮೈದನೂ ಇದ್ದ.

“ಆದ್ರೆ ಅವರು ನಮ್ಮ ನೌಕರರೇ ಅಲ್ವಲ್ಲ,” ಎಂದರು ಆಶಾರಾಣಿ.

“ನಮ್ಮವರಲ್ಲ ಅಂತ ಯಾವ ದಾಖಲೆ ಇದೆ ಮೇಡಂ? ಬೇರೆ ಯಾವ ಇಲಾಖೆಯವರೂ ತಮ್ಮವರು ಅಂತ ಹೇಳಿಲ್ಲ. ಕಡತ ನಮ್ಮಲ್ಲಿದೆ. ಕಡತ ಯಾರದೋ, ನೌಕರನೂ ಅವರವನೇ.”

ಆಶಾರಾಣಿಯವರು ಆಕ್ಷೇಪಣೆ ಬರೆಯಲು ಪೆನ್ನು ತೆಗೆದರು. ಆಕ್ಷೇಪಣೆ ಬರೆದರೆ ಮಹಜರಿಗೆ ತಾವೇ ಸಹಿ ಹಾಕಿದ್ದನ್ನು ವಿವರಿಸಬೇಕಾಗುತ್ತದೆ ಎಂಬುದು ನೆನಪಾಗಿ, ಅದೇ ಪೆನ್ನಿನಿಂದ ‘ನೋಡಿದೆ’ ಎಂದು ಬರೆದರು. ಮರುದಿನ ಸೂಚನಾ ಫಲಕದ ಮೇಲೆ ಈ ಕೆಳಗಿನ ಪ್ರಕಟಣೆ ಕಾಣಿಸಿತು:

“ದಿವಂಗತ ಕ್ಯಾಪ್ಟನ್ ಬೊರಾಲ್, ಏಳನೇ ಗೋಳ, ಇವರ ವಾರಸುದಾರರು ಯಾರಾದರೂ ಇದ್ದಲ್ಲಿ ಹದಿನೈದು ದಿನಗಳೊಳಗೆ ಸೂಕ್ತ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ಅಂತರಿಕ್ಷದಿಂದ ಬರುವವರಿಗೆ ಪ್ರಯಾಣ ಭತ್ಯೆ ಇರುವುದಿಲ್ಲ.”

ಒಂಬತ್ತು ಅರ್ಜಿಗಳು ಬಂದವು; ಅವುಗಳ ಪರಿಶೀಲನೆಗೆ ಸಮಿತಿ ರಚನೆಯಾಯಿತು. ಕುಶಾಲನಗರದ ಬಳಿಯ ಸಣ್ಣಸ್ವಾಮಿ ಎಂಬ ಶುಂಠಿ ಬೆಳೆಗಾರರು, ಹಾಸನ ಬಿಟ್ಟು ಬರುವಾಗ ತಪ್ಪಿಸಿಕೊಂಡ ತಮ್ಮ ಅಣ್ಣನೇ ಬೊರಾಲ್ ಎಂದು ತಿಳಿಸಿ, ಸಾಕ್ಷಿಯಾಗಿ ತಮ್ಮ ಮೂಗನ್ನು ತೋರಿಸಿದರು. ನಾಪೋಕ್ಲಿನ ಬೆಳ್ಳಮ್ಮ ಎಂಬವರು, ಮೃತರು ತಮ್ಮ ಹೋಟೆಲಿನಲ್ಲಿ ಒಮ್ಮೆ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ತಿಂದು ‘ಅಮ್ಮಾ’ ಎಂದು ಕರೆದಿದ್ದಾರೆ, ಕರೆದ ಮೇಲೆ ಮಗನೇ, ಎಂದು ವಾದಿಸಿದರು. ಅವರ ಕಡಂಬುಟ್ಟಿನ ರುಚಿ ನೋಡಿದ ಸಮಿತಿ ಈ ವಾದವನ್ನು ಗಂಭೀರವಾಗಿ ಪರಿಗಣಿಸಿತು. ಕೊನೆಗೆ, ಧರ್ಮೇಂದ್ರ ಅವರ ಬಾಮೈದ ಪ್ರಜ್ಞೇಶ್ ಎಂಬ ಮೂವತ್ತನಾಲ್ಕು ವರ್ಷದ ನಿರುದ್ಯೋಗಿ ಮಾತ್ರ ಎಲ್ಲ ಪ್ರತಿಗಳಿಗೂ ದೃಢೀಕರಣ ಮಾಡಿಸಿದ್ದರಿಂದ, ಆತನೇ ದತ್ತುಪುತ್ರನೆಂದು ತೀರ್ಮಾನವಾಯಿತು.

ಇದರ ಪರಿಣಾಮವಾಗಿ ತಿರುಮಲೇಶ್ವರರ ರಜೆಯ ಅರ್ಜಿ ತಿರಸ್ಕೃತವಾಯಿತು. ಮೃತರಿಗೆ ಮಗನಿರುವಾಗ ಬೇರೆಯವರು ದುಃಖಪಡಲು ಅವಕಾಶವಿಲ್ಲವೆಂದು ಕಾರಣ ನೀಡಲಾಗಿತ್ತು. ಮೂರು ದಿನದ ಬದಲು ಹದಿಮೂರು ದಿನದ ರಜೆಯನ್ನು, ಇನ್ನೂ ಕೆಲಸಕ್ಕೇ ಸೇರದ ಪ್ರಜ್ಞೇಶನಿಗೆ ಮಂಜೂರು ಮಾಡಲಾಯಿತು. ಜತೆಗೆ, ಮೇಲಿನ ಕಚೇರಿಯಿಂದ ಪರಿಶೀಲನೆಗೆ ಬರುವ ಅಧಿಕಾರಿ ತಂದೆಯ ಬಗ್ಗೆ ಪ್ರಶ್ನೆ ಕೇಳುವ ಸಂಭವವಿದ್ದುದರಿಂದ, ಮಗನಿಗೆ ತಂದೆಯ ಪರಿಚಯ ಮಾಡಿಕೊಡುವಂತೆ ತಿರುಮಲೇಶ್ವರರಿಗೆ ಲಿಖಿತ ಆದೇಶ ಬಂತು.

ಪ್ರಜ್ಞೇಶ್ ಮಧ್ಯಾಹ್ನ ಎರಡಕ್ಕೆ ಬಂದು ಎದುರು ಕೂತ. “ಸಾರ್, ಶಾರ್ಟಾಗಿ ಹೇಳಿ. ಅಪ್ಪ ಏನು ಕೆಲಸ ಮಾಡ್ತಿದ್ರು?”

ತಿರುಮಲೇಶ್ವರರು ಒಂದು ಕ್ಷಣ ಕನ್ನಡಕ ಒರೆಸಿದರು. ಸಿಟ್ಟು ಬಂದಿತ್ತು. ಆದರೆ ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೊದಲ ಭಾಗದಿಂದ ಶುರು ಮಾಡಿದರು. ಬೊರಾಲ್ ಇಪ್ಪತ್ತೆರಡು ವರ್ಷದ ಹುಡುಗನಾಗಿ ನೌಕೆ ಹತ್ತಿದ್ದು, ಮೊದಲ ದಿನವೇ ತಪ್ಪು ಗುಂಡಿ ಒತ್ತಿ ಬೈಸಿಕೊಂಡದ್ದು, ಐದನೇ ಭಾಗದಲ್ಲಿ ಗೆಳೆಯ ಮೋಸ ಮಾಡಿದ್ದು, ಒಂಬತ್ತನೇ ಭಾಗದಲ್ಲಿ ಅದೇ ಗೆಳೆಯನಿಗೆ ತನ್ನ ಪಾಲಿನ ಗಾಳಿ ಕೊಟ್ಟದ್ದು. ಪ್ರಜ್ಞೇಶ್ ಮೊದಲು ಮೊಬೈಲ್ ನೋಡುತ್ತಿದ್ದ. ನಾಲ್ಕನೇ ಭಾಗ ಬರುವಷ್ಟರಲ್ಲಿ ಮೊಬೈಲನ್ನು ಜೇಬಿಗಿಟ್ಟ. ಮರುದಿನ ಕರೆಯದೆಯೇ ಬಂದ. ಮೂರನೇ ದಿನ ಕೀಲಿ ಒಪ್ಪಿಸುವ ಜಾಗಕ್ಕೆ ಬಂದಾಗ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು.

“ಬಾಗಿಲು ಬಿಗಿ ಇದೆ ಅಂತ ಹೇಳಿದ್ರಾ ಸಾರ್? ಸಾಯೋ ಹೊತ್ತಲ್ಲಿ?”

“ಹೌದಪ್ಪ. ಮುಂದಿನವನಿಗೆ ತೊಂದ್ರೆ ಆಗಬಾರದಲ್ಲ.”

ಪ್ರಜ್ಞೇಶ್ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದ. “ನಾನು ಅವರ ಮಗ ಅಂತ ಸುಮ್ನೆ ಬರೆದುಕೊಟ್ಟೆ ಸಾರ್. ಈಗ ನಿಜಕ್ಕೂ ಅಪ್ಪ ಹೋದ ಹಾಗಾಗಿದೆ.”

ತಿರುಮಲೇಶ್ವರರು ಅವನ ಭುಜದ ಮೇಲೆ ಕೈಯಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಕಚೇರಿ ವೇಳೆಯಾದ್ದರಿಂದ ಇದನ್ನು ಕರ್ತವ್ಯವೆಂದು ಪರಿಗಣಿಸಲಾಯಿತು.

ಪರಿಶೀಲನಾಧಿಕಾರಿ ಬಂದು, ಮಗನ ಕಣ್ಣೀರನ್ನು ನೋಡಿ, ಯಾವ ಪ್ರಶ್ನೆಯನ್ನೂ ಕೇಳದೆ, ಒಂಬತ್ತು ವರ್ಷದಿಂದ ಖಾಲಿಯಿದ್ದ ಹುದ್ದೆಗೆ ನೇಮಕಾತಿಯನ್ನು ಒಪ್ಪಿದರು. ಅಂತರಿಕ್ಷದಲ್ಲಿ ಮೈಲುಗಲ್ಲುಗಳಿವೆಯೇ ಎಂದು ಮಾತ್ರ ವಿಚಾರಿಸಿ, ಇಲ್ಲವೆಂದಾಗ ವಿಷಾದ ವ್ಯಕ್ತಪಡಿಸಿದರು.

ಅಕ್ಟೋಬರಿನಲ್ಲಿ ಚಿತ್ರ ತಯಾರಕರು ಹದಿಮೂರನೇ ಭಾಗವನ್ನು ಘೋಷಿಸಿದರು. ಜನರ ಒತ್ತಾಯದ ಮೇರೆಗೆ ಅದರಲ್ಲಿ ಕ್ಯಾಪ್ಟನ್ ಬೊರಾಲ್ ಬದುಕಿ ಬರಲಿದ್ದರು. ಕಚೇರಿಯಲ್ಲಿ ತುರ್ತು ಸಭೆ ಸೇರಿತು. ಕ್ಯಾಪ್ಟನ್ ಬದುಕಿ ಬಂದರೆ ಪ್ರಜ್ಞೇಶನ ನೇಮಕಾತಿ ರದ್ದಾಗುತ್ತದೆ. ಐವರು ಪಂಚರ ಮೇಲೆ ಮೊಕದ್ದಮೆ ಬೀಳುತ್ತದೆ. ಆಶಾರಾಣಿಯವರ ಬಡ್ತಿ ನಿಲ್ಲುತ್ತದೆ. ತಯಾರಕರಿಗೆ ಪತ್ರ ಬರೆಯುವುದೆಂದು ನಿರ್ಧಾರವಾಯಿತು. ಕರಡು ಬರೆಯಲು ಯಾರು ಎಂದಾಗ, ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಒಪ್ಪದ ತಿರುಮಲೇಶ್ವರರು ತಾವಾಗಿಯೇ ಕೈ ಎತ್ತಿದರು. ಧರ್ಮೇಂದ್ರ ಅವರಿಗೆ ನಂಬಿಕೆ ಬರಲಿಲ್ಲ.

“ನಿಮಗೆ ಅವರು ಬದುಕಿ ಬಂದ್ರೆ ಖುಷಿ ಅಲ್ವೇನ್ರೀ?”

“ಒಪ್ಪಿಸಿ ಹೋದವರು ವಾಪಸ್ಸು ಬಂದು ಕೀಲಿ ಕೇಳಬಾರದು ಸಾರ್.”

ಅರ್ಧ ಗಂಟೆಯಲ್ಲಿ ಕರಡು ಸಿದ್ಧವಾಯಿತು. ಸದರಿ ಕ್ಯಾಪ್ಟನ್ ಬೊರಾಲ್ ಅವರು ಸಕ್ಷಮ ಪ್ರಾಧಿಕಾರದ ಮುಂದೆ ವಿಧಿವತ್ತಾಗಿ ಮರಣ ಹೊಂದಿರುತ್ತಾರೆ. ಅವರ ಮರಣವು ಅತ್ಯಂತ ಉತ್ತಮವಾಗಿ ನಡೆದಿದ್ದು ಅದರಲ್ಲಿ ಯಾವುದೇ ತಿದ್ದುಪಡಿಯ ಅಗತ್ಯ ಕಂಡುಬರುವುದಿಲ್ಲ. ಆದ್ದರಿಂದ ಅವರನ್ನು ಈ ಕಚೇರಿಯ ಪೂರ್ವಾನುಮತಿಯಿಲ್ಲದೆ ಬದುಕಿಸತಕ್ಕದ್ದಲ್ಲ. ತಮ್ಮ ಸೇವಾವಧಿಯಲ್ಲಿ ಒಂದು ಅಕ್ಷರವನ್ನೂ ತಿದ್ದದೆ ಸಹಿ ಹಾಕಿದ ಮೊದಲ ಕರಡು ಇದೇ ಎಂದು ಆಶಾರಾಣಿಯವರು ಹೇಳಿದರು. ಪ್ರಜ್ಞೇಶ್ ತಾನೇ ಅಂಚೆ ಕಚೇರಿಗೆ ನಡೆದುಹೋಗಿ ಪತ್ರವನ್ನು ರಿಜಿಸ್ಟರ್ ಮಾಡಿಸಿ ಬಂದ.

ತಯಾರಕರಿಂದ ಈವರೆಗೆ ಉತ್ತರ ಬಂದಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಸಮ್ಮತಿಯಿದೆಯೆಂದೇ ಭಾವಿಸತಕ್ಕದ್ದು ಎಂಬ ನಿಯಮವಿರುವುದರಿಂದ, ಎಲ್ಲರೂ ಹಾಗೆಯೇ ಭಾವಿಸಿದ್ದಾರೆ.