ಹೆರೆದುಹೋದ ಗಂಡು ಮೀನು

ತೆಳ್ಳಗೆ ಹೆರೆದ ಒಣಮೀನಿನ ಎಸಳನ್ನು ಪ್ಯಾಕೆಟ್ಟಿಗೆ ತುಂಬಿದ ಮೊದಲನೆಯ ಪುಣ್ಯಾತ್ಮ ನನ್ನ ಕೈಗೆ ಸಿಕ್ಕರೆ, ಅವನನ್ನೇ ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಕೀಸುಳಿಗೆ ಕೊಡುತ್ತೇನೆ. ನಲವತ್ತು ವರ್ಷ ಒಡವಾರ ಎಂಬ ಊರಲ್ಲಿ ಬಡಗಿಯಾಗಿದ್ದವನು ನಾನು. ನಾನು ಕೀಸುಳಿಯಿಂದ ಹೆರೆದ ಮರದ ಪದರದ ಮೂಲಕ ಪತ್ರಿಕೆ ಓದಬಹುದಿತ್ತು. ಅಂಥವನ ತೋಫುವಿನ ಮೇಲೆ ನನ್ನ ಹೆಂಡತಿ ಮಿನೆಕೊ ದಿನಾ ಬೆಳಿಗ್ಗೆ ಪ್ಯಾಕೆಟ್ ಹರಿದು ಉದುರಿಸುತ್ತಿದ್ದಳು! (ಎಸಳು ಎಂದು ಮರ್ಯಾದೆಗೆ ಅಂದೆ. ಅದು ಶುದ್ಧ ಮರದ ಹೊಟ್ಟು.)

ಕಳೆದ ವರ್ಷ ಒಂದು ಭಾನುವಾರ ಸಿಟ್ಟು ನೆತ್ತಿಗೇರಿತು.

"ಏನೇ ಇದು? ಮನುಷ್ಯರು ತಿನ್ನೋದಾ?"

"ಬಾಯ್ಮುಚ್ಕೊಂಡು ತಿನ್ರಿ. ಹತ್ತು ಗಂಟೆಗೆ ನಾವು ಹುಡುಗಿ ಮನೇಲಿರ್ಬೇಕು. ಇವತ್ತೊಂದಿನ ನಿಮ್ಮ ಬಾಯಿಂದ ಸಂಬಂಧ ಮುರೀದಿದ್ರೆ ಸಾಕು" ಎಂದು ಮಿನೆಕೊ ಕಿಮೊನೊ ಉಡಲು ಮಹಡಿ ಹತ್ತಿದಳು.

ಅಂದು ನಮ್ಮ ಮಗ ಕಿಯೋಜಿಯ ನಿಶ್ಚಿತಾರ್ಥ. ಆರು ಹುಡುಗಿಯರು ಬೇಡವೆಂದ ಮೇಲೆ, ಅವನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಚಿಹಾಯ ಒಪ್ಪಿದ್ದಳು. (ಆರರಲ್ಲಿ ನಾಲ್ವರು ನನ್ನನ್ನು ನೋಡಿದ ಮೇಲೆ ಬೇಡವೆಂದದ್ದು ಎಂಬುದು ಮಿನೆಕೊಳ ವಾದ.)

ಸೋಯಾ ಸಾಸ್ ಹುಡುಕಲು ಕಪಾಟು ತೆಗೆದೆ. ಅಕ್ಕಿ ಡಬ್ಬಿಯ ಹಿಂದೆ ಬಟ್ಟೆಯ ಗಂಟು. ಬಿಚ್ಚಿದರೆ ಕತ್ಸುವೊಬುಶಿ! ಮರದಂತೆ ಗಟ್ಟಿಯಾದ ಎರಡು ಒಣಮೀನಿನ ತುಂಡು, ಒಂದಕ್ಕೊಂದು ತಾಗಿಸಿದರೆ ಟಣ್ ಎನ್ನುವ ಅಪ್ಪಟ ಮಾಲು. ಅಂದರೆ ಅಸಲಿ ಸರಕು ಬಚ್ಚಿಟ್ಟು ಗಂಡನಿಗೆ ಹೊಟ್ಟು! ಮೈಯೆಲ್ಲ ಉರಿಯಿತು.

ಅಪ್ಪನ ಕಾಲದ ಹೆರೆಯುವ ಪೆಟ್ಟಿಗೆ ಇಳಿಸಿದೆ. ಅದರ ಅಲಗಿನ ಮೇಲೆ ಒಂದು ತುಂಡನ್ನಿಟ್ಟು ಕರ್ ಕರ್ ಎಂದು ಹೆರೆದೆ. ಗುಲಾಬಿ ಬಣ್ಣದ ಎಸಳುಗಳು ಬಿಸಿ ಅನ್ನದ ಮೇಲೆ ಬಿದ್ದು ಕುಣಿದವು. ಮೊದಲು ಹಸಿವಿಗೆ ಹೆರೆದೆ, ಆಮೇಲೆ ಬರೀ ಸಿಟ್ಟಿಗೆ ಹೆರೆದೆ.

"ಅಯ್ಯಯ್ಯೋ! ಗಂಡನ್ನ ಹೆರೆದುಬಿಟ್ರಲ್ರೀ!" ಮೆಟ್ಟಿಲ ಮೇಲೆ ಮಿನೆಕೊ ಕಿರುಚಿದಳು.

ಆಗ ಹೊಳೆಯಿತು. ಮೀನಿನ ಬೆನ್ನಿನ ತುಂಡು ಗಂಡು, ಹೊಟ್ಟೆಯ ತುಂಡು ಹೆಣ್ಣು. ಎರಡೂ ಜೋಡಿಯಾಗಿ ಕೂತರೆ ದಂಪತಿ. ಹುಡುಗಿಯ ಮನೆಗೆ ಒಯ್ಯುವ ತಟ್ಟೆಯಲ್ಲಿ ಆ ಜೋಡಿ ಇರಲೇಬೇಕು. ಹೆಣ್ಣು ದುಂಡುದುಂಡಗೆ ಕೂತಿತ್ತು, ಮದುಮಗ ಅರ್ಧವೂ ಉಳಿದಿರಲಿಲ್ಲ.

"ಇದನ್ನ ನೋಡಿದ್ರೆ ಬೀಗರು ಏನಂತಾರೆ? ಈ ಮನೇಲಿ ಗಂಡಸರ ಗತಿ ಇಷ್ಟೇ ಅಂತಾರೆ!"

"ಸುಳ್ಳೇನಲ್ವಲ್ಲ" ಎಂದೆ. ಅವಳು ನೋಡಿದ ನೋಟಕ್ಕೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಒಣಮೀನಿನ ಅಂಗಡಿಗೆ ಭಾನುವಾರ ರಜೆ. ಬೀದಿ ಮೂಲೆಯ ಅಂಗಡಿಯಲ್ಲಿದ್ದದ್ದು ಪ್ಯಾಕೆಟ್ಟು ಮಾತ್ರ. ಅವನ್ನೇ ತಂದು, ಕೆಂಪು ಬಿಳಿ ದಾರ ಸುತ್ತಿ, ತಟ್ಟೆಯಲ್ಲಿ ಜೋಡಿಸಿದೆ. ನಾನು! ನನ್ನ ಕೈಯಾರೆ!

ಹುಡುಗಿಯ ಮನೆಯಲ್ಲಿ ಅವಳ ತಾಯಿ ತಟ್ಟೆಯನ್ನು ಹತ್ತಿರಕ್ಕೆಳೆದು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕಿಯೋಜಿಯ ಮುಖ ಬಿಳುಪೇರಿತು. ಏಳನೆಯದೂ ಹೋಯಿತು ಎಂದುಕೊಂಡೆ.

"ಬೀಗರೇ, ತಪ್ಪು ತಿಳ್ಕೋಬೇಡಿ" ಎಂದು ಆಕೆ ಕಣ್ಣೊರೆಸಿಕೊಂಡರು. "ಮಾವ ಹಳೇ ಕಾಲದ ಬಡಗಿ, ಸೊಸೆ ಕೈಲಿ ದಿನಾ ಮೀನು ಹೆರೆಸ್ತಾರೆ ಅಂತ ಯಾರೋ ಅಂದಿದ್ರು. ನನಗೆ ಊಟಾನೇ ಸೇರ್ತಿರ್ಲಿಲ್ಲ. ಬೇಡ ಅಂದ್ಬಿಡೋಣ ಅಂತಿದ್ದೆ. ಇದನ್ನ ನೋಡಿ ಜೀವ ಬಂತು. ಯಾರಿಗೆ ಹೊಳೀತು ಇದು?"

"ಇವರಿಗೇ! ಪ್ಯಾಕೆಟ್ಟಿಂದು ಬಿಟ್ಟು ಬೇರೆ ಮುಟ್ಟೋದೇ ಇಲ್ಲ" ಎಂದಳು ಮಿನೆಕೊ.

ಎಲ್ಲರೂ ನನ್ನನ್ನೇ ನೋಡಿದರು. ಕಿಯೋಜಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಚಾಪೆಗೆ ಹಣೆ ತಾಗುವಂತೆ ಬಾಗಿ, "ಹೌದು" ಎಂದೆ.

ಈಗ ಸೊಸೆ ಚಿಹಾಯ ದಿನಾ ಬೆಳಿಗ್ಗೆ, "ಮಾವ, ನಿಮಗಿಷ್ಟ ಅಲ್ವಾ?" ಎಂದು ನನ್ನ ತೋಫುವಿಗೆ ಒಂದಲ್ಲ, ಎರಡು ಪ್ಯಾಕೆಟ್ ಸುರಿಯುತ್ತಾಳೆ. ಮಿನೆಕೊ ಎದುರಿಗೇ ಕೂತು ನಾನು ಪೂರ್ತಿ ತಿನ್ನುವವರೆಗೂ ನೋಡುತ್ತಾಳೆ.

ತಿಂದಾದ ಮೇಲೆ ಅಪ್ಪನ ಪೆಟ್ಟಿಗೆ ಇಳಿಸಿ, ಉಳಿದ ಹೆಣ್ಣು ತುಂಡನ್ನು ತೆಳ್ಳಗೆ ಹೆರೆಯುತ್ತೇನೆ. ಸೊಸೆ ತವರಿನಿಂದ ತಂದ ಬೆಕ್ಕಿಗೆ. ಪ್ಯಾಕೆಟ್ಟಿನದ್ದನ್ನು ಅದು ಮೂಸಿಯೂ ನೋಡುವುದಿಲ್ಲ.