ನಮ್ಮತ್ತೆಯ ಸ್ಪ್ಯಾನಿಷ್ ಧಾರಾವಾಹಿ

ನಮ್ಮತ್ತೆಗೆ ಸ್ಪ್ಯಾನಿಷ್ ಬರುತ್ತದೆ. ಹಾಗೆಂದು ಅತ್ತೆಯೇ ಹೇಳುತ್ತಾರೆ! ಸ್ಪ್ಯಾನಿಷ್ ಬಲ್ಲವರು ಯಾರೂ ಇದನ್ನು ಇನ್ನೂ ಒಪ್ಪಿಲ್ಲ, ಅಷ್ಟೇ. ಅದಕ್ಕೆ ಅತ್ತೆ ಕೊಡುವ ಕಾರಣವೂ ಗಟ್ಟಿಯಾದದ್ದೇ: "ಅವರು ಮನೆಯಲ್ಲಿ ಕಲಿತವರು ಕಣೋ. ನಾನು ಟಿ.ವಿ. ನೋಡಿ ಕಲಿತಿದ್ದೀನಿ."

ಈ ಅತ್ತೆ ನನ್ನ ತಂದೆಯ ತಂಗಿ. ಮೈಸೂರಿನ ಹೆಣ್ಣು. ಮದುವೆಯಾದ ಮೇಲೆ ಮಾವನ ಹಿಂದೆ ದೋಹಾಕ್ಕೆ ಬಂದು ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದೇ ಫ್ಲ್ಯಾಟಿನಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವರು. ನಾನು ಈ ಊರಿಗೆ ಬಂದದ್ದು ಕತಾರಿಗೆ ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಸಿಕ್ಕಿದ ಮಾರನೆಯ ವರ್ಷ. ನನಗೆ ಅಲ್ ಗರಾಫಾ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಗುವವರೆಗೆ, ಅಂದರೆ ಒಂದೂವರೆ ವರ್ಷ, ಅತ್ತೆಯ ಮನೆಯ ಸೋಫಾವೇ ನನ್ನ ಹಾಸಿಗೆ, ಕುರ್ಚಿ, ಕಪಾಟು ಎಲ್ಲ. ಆದರೆ ಸಂಜೆ ಆರರಿಂದ ಏಳರವರೆಗೆ ಆ ಸೋಫಾದ ಮೇಲೆ ನನಗೆ ಹಕ್ಕಿರಲಿಲ್ಲ. ಆಗ ಅದು ಥಿಯೇಟರಿನ ಬಾಲ್ಕನಿ!

ಆರು ಗಂಟೆಗೆ ಮೆಕ್ಸಿಕೋ ದೇಶದ ಒಂದು ಹಳೆಯ ಧಾರಾವಾಹಿ ಬರುತ್ತಿತ್ತು; ಮುಗಿದರೆ ಮತ್ತೆ ಮೊದಲಿಂದ, ಹೀಗೆ ವರ್ಷಗಟ್ಟಲೆ. ಮಾತೆಲ್ಲ ಸ್ಪ್ಯಾನಿಷ್. ಕೆಳಗೆ ಅರ್ಥ ಬರೆದಿರುತ್ತಿದ್ದದ್ದು ಅರಬ್ಬಿಯಲ್ಲಿ. ಅತ್ತೆಗೆ ಎರಡೂ ಬಾರದು. ಅದಕ್ಕೇ ಕಥೆ ಬಹಳ ಚೆನ್ನಾಗಿ ಅರ್ಥವಾಗುತ್ತಿತ್ತು!

ಎದುರು ಫ್ಲ್ಯಾಟಿನ ಮಂಗಳೂರಿನಾಕೆ, ಕೆಳಮನೆಯ ಮಲಯಾಳಿ ಟೀಚರ್, ಇನ್ನೂ ಇಬ್ಬರು ಮೂವರು ಗೃಹಿಣಿಯರು ಐದೂಮುಕ್ಕಾಲಿಗೇ ಬಂದು ಕೂರುತ್ತಿದ್ದರು. ಅತ್ತೆ ಮಧ್ಯದಲ್ಲಿ. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, ಅತ್ತೆ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ನಾಯಕಿಗೆ ಸುಮಿತ್ರಾ ಎಂದು ಹೆಸರಿಟ್ಟಿದ್ದರು. ಕುದುರೆ ಮೇಲೆ ಬರುವ ಮೀಸೆಯವನು ಶ್ರೀಕಂಠ. ಮುತ್ತಿನ ಹಾರ ಹಾಕಿಕೊಂಡು ಹುಬ್ಬೇರಿಸುವ ಹೆಂಗಸು ನಾಗರತ್ನಮ್ಮ. ಆ ನಾಗರತ್ನಮ್ಮನಿಗೆ ನಮ್ಮ ಬಿಲ್ಡಿಂಗಿನ ಮೂರು ಅಂತಸ್ತಿನಿಂದಲೂ ಶಾಪ ಬೀಳುತ್ತಿತ್ತು.

"ಅಕ್ಕಾ, ಅವಳು ಎಂತಕ್ಕೆ ಕೂಗುವುದು?" ಮಂಗಳೂರಿನಾಕೆ ಕೇಳುತ್ತಿದ್ದರು. ಕೂಗುವುದು ಎಂದರೆ ಅವರ ಕಡೆ ಅಳುವುದು.

"ಅತ್ತೆ ಮನೆಯವರು ಒಡವೆಯೆಲ್ಲ ಕಿತ್ಕೊಂಡಿದಾರೆ ಕಣ್ರೀ."

"ಕಿವಿಯಲ್ಲಿ ಉಂಟಲ್ಲ ಅಕ್ಕಾ?"

"ಅದು ತವರಿನವರು ಹಾಕಿದ್ದು. ಅದನ್ನ ಹೇಗೆ ಮುಟ್ತಾರೆ?"

ಈ ಉತ್ತರಕ್ಕೆ ಎದುರು ಮಾತುಂಟೆ! ಟೀಚರ್ ಕೂಡ "ಶರಿ, ಶರಿ" ಎಂದು ತಲೆಯಾಡಿಸುತ್ತಿದ್ದರು.

ಮಾವ ಮಾತ್ರ ಈ ಸಭೆಗೆ ಸೇರಿದವರಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುತ್ತಿದ್ದರು. ದೋಹಾದ ಆಗಸ್ಟ್ ತಿಂಗಳಿನಲ್ಲಿ ಸಂಜೆ ಆರಕ್ಕೆ ವಾಕಿಂಗ್ ಹೋಗುವ ಮನುಷ್ಯ ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆಂದು ನೀವೇ ಊಹಿಸಿ.

ನನ್ನ ಆಫೀಸಿನ ರಿಸೆಪ್ಷನ್ನಿನಲ್ಲಿ ಒಬ್ಬ ಫಿಲಿಪಿನೋ ಹೆಂಗಸಿದ್ದಳು. ಒಮ್ಮೆ ಮಾತಿಗೆ ಮಾತು ಬಂದು, ಅದೇ ಧಾರಾವಾಹಿ ಅವಳ ದೇಶದಲ್ಲಿ ಅವಳ ಭಾಷೆಯಲ್ಲೇ ಬಂದಿತ್ತೆಂದು ತಿಳಿಯಿತು. ನಿಜವಾದ ಕಥೆ ಕೇಳಿ ನಾನು ದಂಗಾದೆ. ನಾಗರತ್ನಮ್ಮ ಖಳನಾಯಕಿಯೇ ಅಲ್ಲ! ಸುಮಿತ್ರೆಯ ಹೆತ್ತ ತಾಯಿ, ಮಗಳಿಗಾಗಿ ಎಲ್ಲವನ್ನೂ ಕಳೆದುಕೊಂಡವಳು. ಓಡೋಡಿ ಬಂದು ಅತ್ತೆಗೆ ಹೇಳಿದೆ. ಅತ್ತೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಯೋಚಿಸಿದರು.

"ಹಾಗಾದ್ರೆ ಅವರು ಕಥೆ ಕೆಡಿಸಿದಾರೆ ಬಿಡು," ಎಂದರು.

ವಿಶ್ವಕಪ್ ಹತ್ತಿರ ಬಂದ ಹಾಗೆ ಇಡೀ ಊರು ಸುಣ್ಣಬಣ್ಣ ಮಾಡಿಸಿಕೊಳ್ಳತೊಡಗಿತು. ನಮ್ಮ ಬಿಲ್ಡಿಂಗಿನ ಯಜಮಾನನಿಗೂ ಹುಮ್ಮಸ್ಸು ಬಂದು, ತಾರಸಿಯ ಮೇಲಿನ ಹಳೆಯ ಡಿಶ್‌ಗಳನ್ನೆಲ್ಲ ಕೀಳಿಸಲು ಹೇಳಿದ. ಸುದ್ದಿ ತಂದವನು ಬಿಲ್ಡಿಂಗ್ ನೋಡಿಕೊಳ್ಳುವ ಮುದುಕ. "ಮೇಡಂ, ಡಿಶ್ ಖಲಾಸ್. ಕಲ್ ಸೇ ಮಾಫಿ," ಎಂದ. ಡಿಶ್ ಮುಗಿಯಿತು, ನಾಳೆಯಿಂದ ಇಲ್ಲ ಎಂದರ್ಥ. ಅತ್ತೆ ಒಂದು ಕೊಡೆ, ಒಂದು ಚಾಪೆ ತೆಗೆದುಕೊಂಡು ತಾರಸಿ ಹತ್ತಿ ತಮ್ಮ ಡಿಶ್ಶಿನ ಬುಡದಲ್ಲಿ ಕೂತೇಬಿಟ್ಟರು. ಸತ್ಯಾಗ್ರಹ! ಮಧ್ಯಾಹ್ನ ಮಾವ ಡಬ್ಬಿಯಲ್ಲಿ ಮೊಸರನ್ನ ತಂದುಕೊಟ್ಟರು. ಕೊನೆಗೆ ಒಂದು ರಾಜಿಯಾಯಿತು: ಡಿಶ್ಶನ್ನು ಅತ್ತೆಯ ಮನೆಯ ಬಾಲ್ಕನಿಯೊಳಗೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡರು. ಆದರೆ ಬಾಲ್ಕನಿಯಿಂದ ಡಿಶ್ಶಿಗೆ ಕಾಣುತ್ತಿದ್ದದ್ದು ಆಕಾಶವಲ್ಲ, ಎದುರು ಮನೆಯ ಗೋಡೆ. ಆ ಗೋಡೆ ಯಾವ ಧಾರಾವಾಹಿಯನ್ನೂ ಪ್ರಸಾರ ಮಾಡಲಿಲ್ಲ. ಅತ್ತೆ ಡಿಶ್ಶಿನಲ್ಲಿ ಸಂಡಿಗೆ ಒಣಹಾಕಿದರು.

ನಿಜ ಹೇಳಬೇಕೆಂದರೆ ಆಗ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಟೀಚರ್ ಊರಿಗೆ ವಾಪಸಾಗಿದ್ದರು. ಮಂಗಳೂರಿನಾಕೆ ಮಗನ ಮನೆ ಎಂದು ಅಲ್ ಹಿಲಾಲಿಗೆ ಹೋಗಿದ್ದರು. ಹೊಸದಾಗಿ ಬಂದ ಹೆಣ್ಣುಮಕ್ಕಳು ಅವರವರ ಮನೆಯಲ್ಲಿ ಅವರವರ ಫೋನು ನೋಡುವವರು. ಆರು ಗಂಟೆಗೆ ಬಾಗಿಲು ತಟ್ಟುವವರೇ ಇರಲಿಲ್ಲ. ಮಾವನಿಗೂ ಅರವತ್ತು ತುಂಬಿ, ವಿಶ್ವಕಪ್ ಮುಗಿದ ಮೇಲೆ ಕೆಲಸ ಬಿಟ್ಟು ಮೈಸೂರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಆದರೂ ಅತ್ತೆ ಆರು ಗಂಟೆಗೆ ಸರಿಯಾಗಿ ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಕಪ್ಪು ಪರದೆಯ ಮುಂದೆ ಬಂದು ಕೂರುತ್ತಿದ್ದರು. ನನಗೆ ನೋಡಲಾಗದೆ ಒಂದು ಟ್ಯಾಬ್ಲೆಟ್ ತಂದು, ಅದೇ ಧಾರಾವಾಹಿ ಹುಡುಕಿ ಕೊಟ್ಟೆ.

"ಎಲ್ಲ ಕಂತೂ ಇದರಲ್ಲೇ ಇದೆ ಅತ್ತೆ. ಯಾವಾಗ ಬೇಕಾದ್ರೂ ನೋಡಬಹುದು."

"ಯಾವಾಗ ಬೇಕಾದ್ರೂ ನೋಡೋದನ್ನ ಯಾವಾಗಪ್ಪಾ ನೋಡೋದು?" ಎಂದು ಅತ್ತೆ ಅದನ್ನು ಮಗುಚಿಟ್ಟರು.



ಕಡೆಗೂ ವಿಶ್ವಕಪ್ ಬಂತು. ಕಾರ್ನಿಶ್ ರಸ್ತೆಯಲ್ಲಿ ಸಮುದ್ರ ಒಂದು ಕಡೆ, ಜನಸಮುದ್ರ ಇನ್ನೊಂದು ಕಡೆ. ಮೆಕ್ಸಿಕೋದವರು ಗಾಡಿ ಚಕ್ರದಷ್ಟು ಅಗಲದ ಟೋಪಿ ಹಾಕಿಕೊಂಡು ಬಂದಿದ್ದಾರೆಂದು ಕೇಳಿದ್ದೇ ತಡ, ಅತ್ತೆ ಬೀರುವಿನಿಂದ ರೇಷ್ಮೆ ಸೀರೆ ತೆಗೆದರು. "ನಮ್ಮವರು ಬಂದಿದಾರೆ, ನೋಡ್ಕೊಂಡು ಬರೋಣ ನಡಿಯೋ!" ನಾನು, ಅತ್ತೆ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದ ಮಾವ, ಮೂವರೂ ಮೆಟ್ರೋ ಹತ್ತಿ ಹೋದೆವು.

ಅಲ್ಲಿ ಮೆಕ್ಸಿಕೋದ ಒಂದು ಟಿ.ವಿ. ಚಾನೆಲ್ಲಿನ ತಂಡ ನಿಂತಿತ್ತು. ದೊಡ್ಡ ಕ್ಯಾಮೆರಾ, ಛತ್ರಿಯಂಥ ಲೈಟು, ಕೋಟು ತೊಟ್ಟ ವರದಿಗಾರ. ಆದರೆ ಅವನ ಹತ್ತಿರ ಒಂದು ನರಪಿಳ್ಳೆ ಇಲ್ಲ! ಹತ್ತು ಮಾರು ಆಚೆ, ಒಂದು ಕಡ್ಡಿಯ ತುದಿಗೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ ಒಬ್ಬ ಯುವತಿಯ ಸುತ್ತ ಮಾತ್ರ ಜಾತ್ರೆಯೋ ಜಾತ್ರೆ. ಅವಳ ಜೊತೆ ಫೋಟೋ ಬೇಕೆಂದು ಅವಳ ದೇಶದವರೇ ಸಾಲುಗಟ್ಟಿದ್ದರು.

ಅತ್ತೆಗೆ ಸಂಕಟವಾಯಿತು. "ಏನು ಜನವೋ! ನಿಜವಾದ ಟಿ.ವಿ. ಇಲ್ಲಿ ನಿಂತಿದೆ, ಎಲ್ಲ ಆ ಕಡ್ಡಿ ಹಿಡಿದವಳ ಹಿಂದೆ ಬಿದ್ದಿದಾರಲ್ಲ!" ಎಂದು ಸೆರಗು ಸರಿಮಾಡಿಕೊಂಡು ವರದಿಗಾರನಿಗೆ ಆಸರೆಯಾಗಿ ಹೋಗಿ ನಿಂತರು. ಅವನು ಗಡಿಯಾರ ನೋಡಿ, ಸಾರಿ ಮೇಡಂ, ನಮಗೆ ಫುಟ್‌ಬಾಲ್ ತಜ್ಞರು ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ಆಚೆ ತಿರುಗಿದ. ಇಪ್ಪತ್ತೆಂಟು ವರ್ಷದ ವೀಕ್ಷಕಿಗೆ ಸಿಕ್ಕ ಮರ್ಯಾದೆ!

ಅದನ್ನು ಕಂಡದ್ದು ಕಡ್ಡಿಯ ಹುಡುಗಿ. ನಗುತ್ತ ಬಂದು ಫೋನನ್ನು ಅತ್ತೆಯ ಮುಂದೆ ಹಿಡಿದು, ನಿಮಗೆ ಸ್ಪ್ಯಾನಿಷ್ ಬರುತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅತ್ತೆ ಎದೆ ಸೆಟೆಸಿ ನಿಂತರು. ಸುಮಿತ್ರಾ ಪ್ರತಿ ಬಾರಿ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಹೇಳುತ್ತಿದ್ದ ಮಾತು, ಕೇಳಿದೊಡನೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದ ಮಾತು, ಅದನ್ನೇ ಹೇಳಿದರು:

"ಎಸ್ತೊಯ್ ಎಂಬರಸಾದಾ!"

ಟೋಪಿಗಳು ಆಕಾಶಕ್ಕೆ ಹಾರಿದವು! ಗುಂಪಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ಕೂಗಿ ಕೇಳಿದ: "ಕ್ಯೆನ್ ಎಸ್ ಎಲ್ ಪಾದ್ರೆ?"

ಅತ್ತೆ ಶಾಂತವಾಗಿ ತಲೆಯಾಡಿಸಿ, "ನೋ ಲೋ ಸೆ," ಎಂದರು.

ಜನ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಕೆಲವರು ಮಾವನ ಕೈ ಕುಲುಕಿ ಬೆನ್ನು ತಟ್ಟಿ ಸಮಾಧಾನ ಹೇಳಿದರು. ಮಾವ ಏನೂ ತಿಳಿಯದೆ ಎಲ್ಲರಿಗೂ ಕಡಲೆಕಾಯಿ ಹಂಚಿದರು. ಕಣ್ಣೊರೆಸಿಕೊಳ್ಳುತ್ತ ಆ ಹುಡುಗಿ ನನಗೆ ಅರ್ಥ ಹೇಳಿದಳು. ಅತ್ತೆ ಹೇಳಿದ್ದು, "ನಾನು ಬಸುರಿ." ಅವನು ಕೇಳಿದ್ದು, "ತಂದೆ ಯಾರು?" ಅತ್ತೆ ಕೊಟ್ಟ ಉತ್ತರ, "ನನಗೆ ಗೊತ್ತಿಲ್ಲ!"

ಮೆಟ್ರೋದಲ್ಲಿ ಹೇಗೋ ಧೈರ್ಯ ಮಾಡಿ ಅತ್ತೆಗೆ ಇದನ್ನು ಹೇಳಿದೆ. ಅರವತ್ತರ ಹತ್ತಿರದ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡರು. "ಅಯ್ಯೋ ಶಿವನೇ! 'ನಾನು ಬಂದೆ' ಅಂತ ಅಂದ್ಕೊಂಡಿದ್ದೆ ಕಣೋ! ಅವನು ಪಾದ್ರೆ ಅಂದಾಗ, ಕ್ರಿಸ್ಮಸ್ ಹತ್ತಿರ ಬಂತಲ್ಲ, ಪಾದ್ರಿ ಯಾರು ಅಂತ ಕೇಳ್ತಿದಾನೆ ಅಂದ್ಕೊಂಡೆ!" ಆಮೇಲೆ ಸೆರಗಿನ ಒಳಗಿನಿಂದಲೇ ನಗು ಶುರುವಾಗಿ ಓಲ್ಡ್ ಏರ್‌ಪೋರ್ಟ್ ಸ್ಟೇಷನ್ ಬಂದರೂ ನಿಲ್ಲಲಿಲ್ಲ.

ಮಾರನೆಯ ದಿನ ಸಂಜೆಯ ಹೊತ್ತಿಗೆ ಆ ವಿಡಿಯೋ ಮೆಕ್ಸಿಕೋ ದಾಟಿ, ಕೊಲಂಬಿಯಾ, ಪೆರು ಎಲ್ಲ ಸುತ್ತಿ ನನ್ನ ಆಫೀಸಿನ ರಿಸೆಪ್ಷನ್ನಿಗೂ ಬಂದಿತ್ತು. ಕೋಟಿನವನ ಚಾನೆಲ್ಲು ಆ ದಿನ ಏನು ತೋರಿಸಿತೋ ದೇವರಿಗೇ ಗೊತ್ತು. ಎರಡು ದಿನ ಬಿಟ್ಟು ಅದೇ ಚಾನೆಲ್ಲು ಹುಡುಗಿಯ ವಿಡಿಯೋವನ್ನೇ ಕೇಳಿ ತೆಗೆದುಕೊಂಡು ತನ್ನ ವಾರ್ತೆಯಲ್ಲಿ ಹಾಕಿತಂತೆ! ಅತ್ತೆಯನ್ನು ಅಲ್ಲಿಯವರೆಲ್ಲ "ತಿಯಾ" ಎಂದು ಕರೆಯತೊಡಗಿದ್ದರು. ಅಂದರೆ ಅತ್ತೆ ಎಂದೇ ಅರ್ಥ.

ಕಾರ್ನಿಶ್‌ನಲ್ಲಿ ನನ್ನ ನಂಬರು ಪಡೆದಿದ್ದ ಹುಡುಗಿ ಆ ಶುಕ್ರವಾರ ಸಂಜೆ ವಿಳಾಸ ಕೇಳಿಕೊಂಡು ಮನೆಗೇ ಬಂದಳು. ಜೊತೆಗೆ ಯಾರೂ ಇಲ್ಲ, ಒಂದು ಬೆನ್ನುಚೀಲ ಮಾತ್ರ. ಅತ್ತೆ ನನ್ನ ಮೂಲಕ ವಿಚಾರಣೆ ಆರಂಭಿಸಿದರು.

"ನಿಮ್ಮ ಡೈರೆಕ್ಟರ್ ಎಲ್ಲಿ ಅಂತ ಕೇಳೋ."

"ನಾನೇ," ಎಂದಳು.

"ಕ್ಯಾಮೆರಾದವನು?"

"ನಾನೇ."

"ಕಥೆ ಬರೆಯೋದು, ಲೈಟು ಹಿಡಿಯೋದು?"

"ಎಲ್ಲ ನಾನೇ."

"ಅಡುಗೆ?"

"ಅದೂ ನಾನೇ."

"ಅಯ್ಯೋ ಪಾಪ!" ಎಂದು ಅತ್ತೆ ಎದ್ದು ತಟ್ಟೆ ತುಂಬ ಬಿಸಿಬೇಳೆಭಾತ್ ಬಡಿಸಿದರು. ಹುಡುಗಿ ಸಂಡಿಗೆಯನ್ನು ಕರುಕುರು ಎನಿಸುತ್ತ, ತನ್ನ ಊರಿನಲ್ಲಿ ಈಗ ಟಿ.ವಿ. ಯಾರಿಗೂ ಬೇಡವೆಂದಳು. ತನ್ನ ವಯಸ್ಸಿನವರೆಲ್ಲ ತನ್ನಂಥವರದ್ದನ್ನೇ ನೋಡುವುದು. ಬಿಟ್ಟರೆ ತನ್ನ ಅಜ್ಜಿ ಒಬ್ಬಳು. ಚಾನೆಲ್ ಕೆಲಸ ಬಿಟ್ಟು ಫೋನು ಹಿಡಿದಳೆಂದು ಅಜ್ಜಿಗೆ ಇವಳ ಮೇಲೆ ಮುನಿಸು. ನಾಲ್ಕು ವರ್ಷದಿಂದ ಇವಳ ಒಂದು ವಿಡಿಯೋವನ್ನೂ ನೋಡಿರಲಿಲ್ಲ. "ನಿಮ್ಮದೊಂದನ್ನ ನೋಡಿದಳು. ಫೋನ್ ಮಾಡಿ, ಆ ಹೆಂಗಸನ್ನ ತೋರಿಸು ಅಂದಳು," ಎಂದು ತಟ್ಟೆ ಕೆಳಗಿಟ್ಟು ಅಜ್ಜಿಗೆ ಕರೆ ಮಾಡಿದಳು.

ನಮಗೆ ಸಂಜೆ ಆರಾದರೆ ಅವರಿಗೆ ಬೆಳಿಗ್ಗೆ. ಫೋನಿನಲ್ಲಿ ಬಿಳಿಗೂದಲಿನ, ಹೆಗಲಿಗೆ ಶಾಲು ಹೊದ್ದ ಒಂದು ಮುಖ ಕಂಡಿತು.

"ತಿಂಡಿ ಆಯ್ತೇನ್ರೀ?" ಎಂದರು ಅತ್ತೆ, ಕನ್ನಡದಲ್ಲೇ.

ಅಜ್ಜಿ ಏನೋ ಹೇಳಿದಳು. ಮೊಮ್ಮಗಳು ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ. ವಿಡಿಯೋದ ಮಾತು ಯಾವ ಧಾರಾವಾಹಿಯದೆಂದು ಅವಳಿಗೆ ಕೇಳಿದೊಡನೆ ಗೊತ್ತಾಗಿತ್ತಂತೆ; ಅದನ್ನು ನೀನು ಯಾವಾಗಿಂದ ನೋಡುತ್ತಿದ್ದೆ ಎಂದು ಕೇಳುತ್ತಿದ್ದಳು. ತಾನೂ ಬಿಡದೆ ನೋಡುತ್ತಿದ್ದಳಂತೆ. ಗಂಡ ಗಡಿಯಾಚೆ ಅಮೆರಿಕದ ತೋಟಗಳಲ್ಲಿ ಕೂಲಿಗೆ ಹೋಗಿದ್ದ; ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಮಾತಾಡುತ್ತಿದ್ದದ್ದು ಆ ಡಬ್ಬಿ ಒಂದೇ.

ಅತ್ತೆ ನನ್ನ ಕಡೆ ನೋಡದೆ, ಫೋನಿನ ಕಡೆಯೇ ನೋಡುತ್ತ ಹೇಳಿದರು.

"ನಾನು ಬಂದ ಹೊಸದರಲ್ಲಿ ಇವರಿಗೆ ಮರುಭೂಮಿಯ ಸೈಟಿನಲ್ಲಿ ಕೆಲಸ. ಶುಕ್ರವಾರ ಒಂದಿನ ಮನೆಗೆ ಬರೋರು, ಬಂದವರು ದಣಿದು ಮಲಗೋರು. ಉಳಿದ ಆರು ದಿನ ಈ ಮನೇಲಿ ನಾನೊಬ್ಬಳೇ. ಮಕ್ಕಳೂ ಆಗಲಿಲ್ಲ. ಮಾತೇ ಮರೆತುಹೋಗುತ್ತೇನೋ ಅಂತ ಭಯ ಆಗೋದು. ಈ ಟಿ.ವಿ. ಹಾಕಿದರೆ ಅವರು ಅಳೋರು, ನಗೋರು, ಜಗಳ ಆಡೋರು. ಅರ್ಥ ಆಗದಿದ್ರೆ ಏನು, ಮನುಷ್ಯರ ದನಿ ಕೇಳಿಸ್ತಿತ್ತು. ನಾನೂ ಅವರಿಗೆ ಕನ್ನಡದಲ್ಲಿ ಉತ್ತರ ಕೊಡ್ತಿದ್ದೆ."

ನಾನು ಅದನ್ನು ಇಂಗ್ಲಿಷಿಗೆ ತರಲು ಹೊರಟು ಎರಡು ಸಲ ತಡವರಿಸಿದೆ. ಹೇಗೋ ಮುಗಿಸಿದೆ. ಮೊಮ್ಮಗಳು ಹೇಳಿ ಮುಗಿಸುವ ಮೊದಲೇ ಅಜ್ಜಿಗೆ ಅರ್ಥವಾಗಿಬಿಟ್ಟಿತ್ತು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಫೋನಿನ ಗಾಜಿನ ಮೇಲೆ ಅಂಗೈ ಇಟ್ಟಳು. ನಮಗೆ ಸುಕ್ಕುಗಟ್ಟಿದ ಒಂದು ಅಂಗೈ ಮಾತ್ರ ಕಾಣಿಸಿತು.

ಮಾವ ಆ ಹೊತ್ತಿಗೆ ವಾಕಿಂಗಿಗೆಂದು ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹುಡುಗಿ ವಿದಾಯ ಹೇಳಿ ಫೋನು ಇಟ್ಟಳು. ಮಾವ ಬಗ್ಗಿ ಚಪ್ಪಲಿ ಬಿಚ್ಚಿ ಬಂದು, ಸೋಫಾದಲ್ಲಿ ಅತ್ತೆಯ ಪಕ್ಕ ಕೂತರು. ಕಪ್ಪು ಪರದೆಯ ಕಡೆ ಮುಖ ಮಾಡಿ ಕೇಳಿದರು:

"ಕಥೆ ಏನೇ ಅದು? ಮೊದಲಿಂದ ಹೇಳು."

ಅತ್ತೆ ಒಂದು ಸಲ ಅವರ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಕಾಲು ಮಡಿಸಿ ಕೂತು, "ಒಂದೂರಲ್ಲಿ ಒಂದು ದೊಡ್ಡ ಮನೆ ರೀ..." ಎಂದು ಶುರುಮಾಡಿದರು.